ಎಲ್ಲವೂ ಕಂಚಲ್ಲ
ಹಳೇ ಬ್ರೋಚ್‌ಗಳ (ಬಟ್ಟೆಗೆ ಸಿಕ್ಕಿಸುವ ಪಿನ್ ಒಡವೆಗಳ) ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಇಂಗ್ಲೆಂಡಿನ 5–6ನೇ ಶತಮಾನದ ಸಮಾಧಿಗಳಲ್ಲಿ ಸಿಕ್ಕ ಆಂಗ್ಲೋ-ಸ್ಯಾಕ್ಸನ್ ಬ್ರೋಚ್‌ಗಳನ್ನೆಲ್ಲ ಸುಮ್ನೆ 'ಕಂಚು' ಅಂದುಬಿಟ್ಟಿದ್ದೀರಿ. ಪರೀಕ್ಷೆ ಮಾಡಿದರೆ ತಾಮ್ರದ ಜೊತೆ ತವರ, ಸತು, ಸೀಸ ಎಲ್ಲವೂ ಬೆರೆತಿರುವುದೇ ಜಾಸ್ತಿ. ಅಂದರೆ ರೋಮನ್ನರ ಕಾಲದ ಹಳೇ ಕಂಚು (ತಾಮ್ರ-ತವರ), ಹಿತ್ತಾಳೆ (ತಾಮ್ರ-ಸತು) ಚೂರುಗಳು ಒಂದೇ ಮೂಸೆಗೆ ಬಿದ್ದಿವೆ. ನಮ್ಮ ಗುಜರಿ ಲೆಕ್ಕವೇ ಅಲ್ವಾ! ತಾಮ್ರ ಕರಗಲು 1,085 ಡಿಗ್ರಿ ಸೆಲ್ಸಿಯಸ್ ಬೇಕು, ಸತು 907ಕ್ಕೇ ಕುದಿಯುತ್ತದೆ. ಹಾಗಾಗಿ ಕರಗಿಸಿದಾಗಲೆಲ್ಲ ಒಂದಿಷ್ಟು ಸತು ಹೊಗೆಯಾಗಿ ಹೋಗುತ್ತದೆ. ಇನ್ನೊಂದು ಮಾತು: ಲೋಹದಲ್ಲಿ ಏನೇನು ಬೆರೆತಿದೆ ಅಂತ ಹೇಳುವ ಎಕ್ಸ್-ರೇ ಯಂತ್ರ ನೋಡುವುದು ಮೇಲಿನ ಪದರವನ್ನಷ್ಟೇ. ನೂರಾರು ವರ್ಷ ಮಣ್ಣಲ್ಲಿ ಕೂತ ಲೋಹದ ಮೈಮೇಲೆ ತವರ ಇರುವುದಕ್ಕಿಂತ ಜಾಸ್ತಿ ಕಾಣಬಹುದು. ಬ್ರೋಚಿನ ಹೊಳೆಯುವ ಮುಖದಲ್ಲಿ ಚಿನ್ನದ ಜೊತೆ ಪಾದರಸವೂ ಸಿಕ್ಕರೆ, ಅದು ಚಿನ್ನವನ್ನು ಪಾದರಸದಲ್ಲಿ ಕಲಸಿ ಬಳಿದು ಕಾಯಿಸಿದ ಚಿನ್ನದ ಲೇಪ.