ನಾವೇನೂ ಹಾಕಿಲ್ಲ ಡಾಕ್ಟ್ರೇ!

"ಬೆಳಿಗ್ಗೆಯಿಂದ ಏನೇನು ಹಾಕಿದ್ರಿ?"

ನಮ್ಮ ಪಶುವೈದ್ಯರ ಮೊದಲ ಪ್ರಶ್ನೆ ಯಾವಾಗಲೂ ಇದೇ. ನಾಯಿ ಕುಂಟುತ್ತ ಬಂದಿರಲಿ, ಕೆಮ್ಮುತ್ತ ಬಂದಿರಲಿ, ಬರೀ ಉಗುರು ಕತ್ತರಿಸಿಕೊಳ್ಳಲು ಬಂದಿರಲಿ, ಇದನ್ನು ಕೇಳದೆ ಅವರು ಸ್ಟೆತಾಸ್ಕೋಪು ಮುಟ್ಟುವುದಿಲ್ಲ. ಅಲ್ಲಿ ಬೆಂಚಿನ ಮೇಲೆ ಕೂತವರೆಲ್ಲರ ಉತ್ತರವೂ ಒಂದೇ: "ಏನೂ ಹಾಕಿಲ್ಲ ಡಾಕ್ಟ್ರೇ, ಅದರ ಊಟ ಎಷ್ಟೋ ಅಷ್ಟೇ." ಡಾಕ್ಟ್ರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಮಾತಿಲ್ಲದೆ ತೂಕದ ಯಂತ್ರದ ಕಡೆ ಬೆರಳು ತೋರಿಸುತ್ತಾರೆ.

ಮೈಸೂರಿನಲ್ಲಿ ಕ್ಲಿನಿಕ್ ಇಡುವ ಮೊದಲು ಅವರು ಸರ್ಕಾರಿ ಸೇವೆಯಲ್ಲಿ ಹಳ್ಳಿ ಹಳ್ಳಿ ಸುತ್ತಿ ಹಸು, ಎಮ್ಮೆ ನೋಡಿಕೊಂಡಿದ್ದವರು. "ದನ ಸಾಕೋರು ಸುಳ್ಳು ಹೇಳಲ್ಲಮ್ಮ. ಸಂಜೆ ಹಾಲು ಕಮ್ಮಿಯಾದ್ರೆ ಸಾಕು, ಮದುವೆಮನೆ ಅನ್ನ ತಂದು ಸುರಿದದ್ದನ್ನ ತಾವೇ ಒಪ್ಕೋತಾರೆ. ನಾಯಿ ಹಾಲು ಕೊಡಲ್ಲ ನೋಡಿ, ಅದಕ್ಕೇ ನಿಮಗೆಲ್ಲ ಧೈರ್ಯ" ಅನ್ನುತ್ತಾರೆ.

ನಮ್ಮ ಮನೆಯ ನಾಯಿ ಲ್ಯಾಬ್ರಡಾರ್. ಮಗ ಇಟ್ಟ ಹೆಸರು ಬ್ರೂನೋ, ಅತ್ತೆಯ ಬಾಯಲ್ಲಿ ಬೋರಣ್ಣ. ಬೆಳಿಗ್ಗೆ ಕಾವಲಿ ಕಾದಿದೆಯೋ ಇಲ್ಲವೋ ಎಂದು ನೋಡಲು ಹುಯ್ಯುವ ಮೊದಲನೇ ದೋಸೆ ಬೋರಣ್ಣನದು. ಅತ್ತೆಯ ಪ್ರಕಾರ ಅದು ಲೆಕ್ಕಕ್ಕಿಲ್ಲ, ಯಾಕೆಂದರೆ ಅದು ದೋಸೆಯೇ ಅಲ್ಲ, ಕಾವಲಿಯ ಪರೀಕ್ಷೆ. ಮಾವ ಕಾಫಿಯಲ್ಲಿ ಬಿಸ್ಕತ್ತು ಅದ್ದಿ ಕೊಡುತ್ತಾರೆ. ಅದ್ದಿದ ಮೇಲೆ ಅದು ದ್ರವ ಪದಾರ್ಥ ಅನ್ನುವುದು ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ಮೇಷ್ಟ್ರ ವಾದ. ಮಗನ ತಟ್ಟೆಯ ತರಕಾರಿಗಳೆಲ್ಲ ಮೇಜಿನ ಕೆಳಗೇ ಖರ್ಚಾಗುತ್ತವೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಫ್ರಿಜ್ಜಿನ ಬಾಗಿಲು ತೆರೆದ ಸದ್ದು ಕೇಳಿದರೆ ಅಲ್ಲಿ ನಮ್ಮವರು ಮತ್ತು ನಾಯಿ, ಇಬ್ಬರೂ ಒಂದೇ ಥರದ ಮುಖ ಹೊತ್ತು ನಿಂತಿರುತ್ತಾರೆ. ನನ್ನ ಪಾಲಿನದನ್ನು ಇಲ್ಲಿ ಬರೆಯುವ ಅಗತ್ಯ ಕಾಣುವುದಿಲ್ಲ.

ತೂಕದ ಯಂತ್ರ 41 ಅಂದಿತು. ಗಂಡು ಲ್ಯಾಬ್ರಡಾರಿಗೆ 36 ಕಿಲೋ ಅಂದರೆ ಹೆಚ್ಚಾಯಿತು ಎಂದರು ಡಾಕ್ಟ್ರು. "ಅದರದ್ದು ಮೂಳೆ ದಪ್ಪ" ಎಂದರು ಅತ್ತೆ.

ಆಗ ಡಾಕ್ಟ್ರು ಪಕ್ಕೆಲುಬಿನ ಪಾಠ ಶುರುಮಾಡಿದರು. ಅಂಗೈ ಕೆಳಗೆ ಮಾಡಿ ಕೈ ಚಾಚಿ, ಇನ್ನೊಂದು ಕೈಯ ಬೆರಳುಗಳಿಂದ ಗೆಣ್ಣುಗಳ ಮೇಲೆ ಸವರಿಕೊಳ್ಳಿ. ನಾಯಿಯ ಪಕ್ಕೆ ಸವರಿದರೆ ಹಾಗೆ ಸಿಗಬೇಕು. ಮುಷ್ಟಿ ಕಟ್ಟಿದಾಗ ಗೆಣ್ಣು ಎದ್ದು ನಿಲ್ಲುತ್ತವಲ್ಲ, ಹಾಗಿದ್ದರೆ ನಾಯಿ ಸೊರಗಿದೆ. ಕೈ ಮಗುಚಿ ಅಂಗೈ ಕಡೆಯಿಂದ ಮುಟ್ಟಿದ ಹಾಗಿದ್ದರೆ ಬೊಜ್ಜು. ನಾವೆಲ್ಲ ಸಾಲಾಗಿ ಬೋರಣ್ಣನನ್ನು ಸವರಿದೆವು. ಅದು ಇದನ್ನು ಸನ್ಮಾನವೆಂದು ತಿಳಿದು ಬೆನ್ನು ಕೆಳಗೆ ಮಾಡಿ ಮಲಗಿತು. ಮಾವ ಮನೆಗೆ ಬಂದವರು ಕನ್ನಡಿ ಮುಂದೆ ನಿಂತು ತಮ್ಮ ಪಕ್ಕೆಯನ್ನೂ ಹುಡುಕತೊಡಗಿದರು. "ಸಿಕ್ರೆ ನನಗೂ ಹೇಳಿ, ನಾನು ಕೊನೇ ಸಲ ನೋಡಿದ್ದು ನಮ್ಮ ಮದುವೇಲಿ" ಎಂದು ಅತ್ತೆ ಅಡುಗೆಮನೆಯಿಂದಲೇ ಕೂಗಿದರು.

ಡಾಕ್ಟ್ರು ಒಂದು ಮಾತು ಹೇಳಬಾರದಿತ್ತು, ಹೇಳಿಬಿಟ್ಟರು. ಈ ಜಾತಿಯ ನಾಯಿಗಳಲ್ಲಿ ಸುಮಾರು ನಾಲ್ಕಕ್ಕೊಂದರಲ್ಲಿ, 'ಹೊಟ್ಟೆ ತುಂಬಿತು' ಅಂತ ಮಿದುಳಿಗೆ ಸುದ್ದಿ ಮುಟ್ಟಿಸುವ ಒಂದು ಜೀನ್‌ನಲ್ಲೇ ದೋಷ ಇರುತ್ತದಂತೆ. ಕೇಂಬ್ರಿಡ್ಜ್‌ನವರು 2016ರಲ್ಲಿ ಕಂಡುಹಿಡಿದದ್ದು. ಆದ್ದರಿಂದ ನಾಯಿ ದೀನವಾಗಿ ನೋಡಿದರೂ ಕರಗಬೇಡಿ, ಅಳೆದು ಹಾಕಿ ಅನ್ನುವುದು ಅವರ ಉದ್ದೇಶ. ಅತ್ತೆಗೆ ಅರ್ಥವಾದದ್ದು ಬೇರೆ. "ಪಾಪ, ಎಷ್ಟು ತಿಂದ್ರೂ ಹಸಿವಾಗೋ ಕಾಯಿಲೆಯಂತಮ್ಮ ಅದಕ್ಕೆ. ದೊಡ್ಡ ದೊಡ್ಡೋರೇ ಹೇಳಿದಾರೆ." ಮಾರನೇ ದಿನದಿಂದ ಎರಡನೇ ದೋಸೆಯೂ ಕಾವಲಿಯ ಪರೀಕ್ಷೆಗೆ ಸೇರಿಕೊಂಡಿತು.

ಇಷ್ಟಾದ ಮೇಲೆ ಡಾಕ್ಟ್ರು ನಿಷಿದ್ಧ ಪದಾರ್ಥಗಳ ಚೀಟಿ ಬರೆದುಕೊಟ್ಟರು. ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಲಿ, ಬೆಂದದ್ದಾಗಲಿ, ಪುಡಿಯಾಗಲಿ ಕೂಡದು. ನಾಯಿ ಬೆಕ್ಕುಗಳ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ. ಚಾಕೊಲೇಟ್ ಕೂಡದು; ಕಪ್ಪಾದಷ್ಟೂ ವಿಷ ಜಾಸ್ತಿ. ಮಾವನ ಷುಗರ್‌ಲೆಸ್ ಚೂಯಿಂಗ್ ಗಮ್ ನಾಯಿಗೆ ಸಿಗುವ ಕಡೆ ಇರಲೇಕೂಡದು. ಅದರಲ್ಲಿ ಸಕ್ಕರೆ ಬದಲು ಹಾಕುವ ಜೈಲಿಟಾಲ್ ನಮಗೆ ಏನೂ ಮಾಡದಿದ್ದರೂ ನಾಯಿಯ ರಕ್ತದ ಸಕ್ಕರೆಯನ್ನು ಧಡಕ್ಕನೆ ಇಳಿಸುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಕೂಡದು. ಕಿಡ್ನಿ ಕೆಡುತ್ತದೆ, ಯಾವ ನಾಯಿಗೆ ಎಷ್ಟು ತಿಂದರೆ ಅನ್ನುವ ಲೆಕ್ಕವೂ ಇಲ್ಲ.

ಚೀಟಿ ಕೇಳಿ ಅತ್ತೆಯ ಮುಖ ಊರಗಲವಾಯಿತು. ಚಾತುರ್ಮಾಸ್ಯದಲ್ಲಾದರೂ ಈರುಳ್ಳಿ ಬೆಳ್ಳುಳ್ಳಿ ಬಿಡಿ ಎಂದು ಅವರು ಮನೆಮಂದಿಗೆ ಹೇಳಿ ಸೋತಿದ್ದರು. ಈಗ ಹನ್ನೆರಡು ತಿಂಗಳೂ ಬಿಡುವವನೊಬ್ಬ ಮನೆಯಲ್ಲೇ ಸಿಕ್ಕಿದ್ದ. "ನೋಡಿ ಕಲೀರಿ" ಎಂದು ಬೋರಣ್ಣನನ್ನು ತೋರಿಸಿದರು. ಅದು ಆಗ ನಮ್ಮವರ ಕಾಲುಚೀಲ ಅಗಿಯುತ್ತಿತ್ತು.

ಎಡವಟ್ಟಾದದ್ದು ದ್ರಾಕ್ಷಿಯಲ್ಲಿ. ಸತ್ಯನಾರಾಯಣ ಪೂಜೆಯ ದಿನ ಎಲ್ಲರೂ ಕಣ್ಣುಮುಚ್ಚಿ ಮಂಗಳಾರತಿ ತೆಗೆದುಕೊಳ್ಳುತ್ತಿರುವಾಗ, ಕಣ್ಣು ಮುಚ್ಚದೆ ಇದ್ದವನು ಬೋರಣ್ಣ ಒಬ್ಬನೇ. ನಾವು ಕಣ್ಣು ಬಿಡುವಷ್ಟರಲ್ಲಿ ಸಪಾದ ಭಕ್ಷ್ಯದ ಪಾತ್ರೆ ಅರ್ಧ ಖಾಲಿ. "ಸದ್ಯ, ನೈವೇದ್ಯ ಆಗಿತ್ತು" ಎಂದು ಅತ್ತೆ ನಿಟ್ಟುಸಿರುಬಿಟ್ಟರು. ನಮ್ಮವರು ಮೊಬೈಲಿನಲ್ಲಿ ಏನೋ ಓದಿ ಚೊಂಬಿನಲ್ಲಿ ಉಪ್ಪುನೀರು ಕಲಸತೊಡಗಿದರು. ನಾನು ಡಾಕ್ಟ್ರಿಗೆ ಫೋನ್ ಮಾಡಿದೆ. "ಉಪ್ಪುನೀರು ಕುಡಿಸಿದ್ರೆ ದ್ರಾಕ್ಷಿಗಿಂತ ಮೊದಲು ಉಪ್ಪೇ ಕೊಲ್ಲುತ್ತೆ, ಚೊಂಬು ಕೆಳಗಿಡೋಕೆ ಹೇಳಿ. ಎರಡು ಗಂಟೆ ಒಳಗೆ ಕರ್ಕೊಂಬನ್ನಿ, ತಿಂದದ್ದನ್ನ ನಾನು ತೆಗೀತೀನಿ" ಎಂದರು.

ಮಡಿಸೀರೆ, ಪಂಚೆ, ಶಲ್ಯದಲ್ಲೇ ಇಡೀ ಮನೆ ಕಾರು ಹತ್ತಿತು. ಡಾಕ್ಟ್ರು ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಪ್ರಸಾದವೆಲ್ಲ ಸ್ಟೀಲ್ ಟ್ರೇಗೆ ಬಂತು. ಡಾಕ್ಟ್ರು ಕೈಗವಸು ತೊಟ್ಟು, ಇಕ್ಕಳದಲ್ಲಿ ದ್ರಾಕ್ಷಿಗಳನ್ನು ಒಂದೊಂದೇ ಹೆಕ್ಕಿ ಪಕ್ಕಕ್ಕೆ ಜೋಡಿಸಿದರು. ತುಪ್ಪದಲ್ಲಿ ಹುರಿದು ಗುಂಡಗೆ ಉಬ್ಬಿದ ದ್ರಾಕ್ಷಿ, ಒಂದರ ಮೇಲೂ ಹಲ್ಲಿನ ಗುರುತಿಲ್ಲ. ಲ್ಯಾಬ್ರಡಾರ್ ಅಗಿಯುವುದಿಲ್ಲ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

"ಒಟ್ಟು ಎಷ್ಟು ಹಾಕಿದ್ರಿ ಅಮ್ಮಾ?"

"ದ್ರಾಕ್ಷೀನ ಯಾರಾದ್ರೂ ಎಣಿಸಿ ಹಾಕ್ತಾರಾ? ಒಂದು ಹಿಡಿ."

"ಯಾರ ಹಿಡಿ?"

ಅತ್ತೆ ಕೈ ಚಾಚಿ ಹಿಡಿ ತೋರಿಸಿದರು. ಡಾಕ್ಟ್ರು ಟ್ರೇ ನೋಡಿದರು, ಕೈ ನೋಡಿದರು, ಡ್ರಿಪ್ ಹಾಕಿದರು. ಕಿಡ್ನಿಯ ರಕ್ತಪರೀಕ್ಷೆ ಅಂದೂ ಆಯಿತು, ಆಮೇಲೂ ಆಯಿತು, ದೇವರ ದಯೆ ಎಲ್ಲ ಸರಿಯಿತ್ತು. ಆದರೆ ಆ ವರ್ಷ ನಮಗ್ಯಾರಿಗೂ ಪ್ರಸಾದ ಸಿಗಲಿಲ್ಲ.

ಮಾವನ ಪ್ರತಿಭೆ ಇರುವುದು ರೋಗಪತ್ತೆಯಲ್ಲಿ. ಒಂದು ಸಂಜೆ ಬೋರಣ್ಣನ ಕಿವಿ ಮುಟ್ಟಿ "ಜ್ವರ" ಎಂದು ಘೋಷಿಸಿದರು. ನಂಬದವರಿಗಾಗಿ ಥರ್ಮಾಮೀಟರ್ ಬಂತು. ನಾಯಿಯ ಬಾಯಿಗೆ ಇಟ್ಟರೆ ಕಚ್ಚಿ ನುಂಗೀತು, ಕಂಕುಳಲ್ಲಿ ಕೂದಲು. ಉಳಿದ ಜಾಗದಲ್ಲಿ ಮಾವ ಶಾಸ್ತ್ರೋಕ್ತವಾಗಿ ಇಟ್ಟು ತೆಗೆದಾಗ 101.6 ಡಿಗ್ರಿ. ಮಾತ್ರೆ ಡಬ್ಬಿ ತೆರೆದು ಪ್ಯಾರಾಸಿಟಮಾಲ್ ಮುರಿಯಲು ಹೊರಟಾಗ ನಾನು ಅಡ್ಡಬಂದು ಮತ್ತೆ ಡಾಕ್ಟ್ರಿಗೆ ಫೋನ್ ಹಚ್ಚಿದೆ.

"ಮೇಷ್ಟ್ರೇ, ನಾಯಿಗೆ 101ರಿಂದ 102.5ರವರೆಗೂ ನಾರ್ಮಲ್ಲು. ನಿಮ್ಮ ನಾಯಿ ಭೇಷಾಗಿದೆ. 98 ತೋರಿಸಿದ್ರೆ ನನಗೆ ಫೋನ್ ಮಾಡಿ. ಆಮೇಲೆ ಆ ಮಾತ್ರೆ ಡಬ್ಬೀನ ಬೀರುವಿಗೆ ಹಾಕಿ ಬೀಗ ಹಾಕಿ. ಮನುಷ್ಯರ ಜ್ವರದ ಮಾತ್ರೆ ಒಂದೇ ಒಂದು ಸಾಕು, ನಿಮ್ಮ ಬೆಕ್ಕು ಉಳಿಯಲ್ಲ. ಅದನ್ನ ಅರಗಿಸೋ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ."

ಆ ಥರ್ಮಾಮೀಟರನ್ನು ಸೋಪು ಹಾಕಿ ತೊಳೆದು ಮೊದಲಿನ ಜಾಗದಲ್ಲೇ ಇಟ್ಟಿದ್ದೇವೆ. ವಿಶೇಷವೆಂದರೆ ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಜ್ವರ ಅಂತ ಹೇಳಿಲ್ಲ.

ಬೆಕ್ಕಿನ ಮಾತು ಬಂತು. ಪಮ್ಮಿಯನ್ನು ನಾವು ಸಾಕಿದ್ದಲ್ಲ, ಅದೇ ಬಂದು ನಮ್ಮನ್ನು ಇಟ್ಟುಕೊಂಡಿದೆ. ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಅದು ಕಲಶದ ಹಿಂದಿನಿಂದ ಬಂದಾಗ ಬಾಯಿಯ ಬದಿಯಲ್ಲಿ ಗೇಣುದ್ದ ಬಿಳಿ ದಾರ ನೇತಾಡುತ್ತಿತ್ತು. ಮಲ್ಲಿಗೆ ಮಾಲೆಯ ದಾರ. ನಮ್ಮವರು ಸರಕ್ಕನೆ ತುದಿ ಹಿಡಿದರು. ಕಿವಿಗೆ ಹಚ್ಚಿಕೊಂಡಿದ್ದ ನನ್ನ ಫೋನಿನಿಂದ ಡಾಕ್ಟ್ರ "ಎಳೀಬೇಡೀ!" ಅನ್ನುವ ಕೂಗು ಪಕ್ಕದ ಮನೆಯವರಿಗೂ ಕೇಳಿಸಿತು. ಬೆಕ್ಕಿನ ನಾಲಿಗೆ ಮೇಲಿನ ಮುಳ್ಳುಗಳೆಲ್ಲ ಗಂಟಲ ಕಡೆ ಬಾಗಿರುತ್ತವೆ. ಒಮ್ಮೆ ಸಿಕ್ಕ ದಾರವನ್ನು ಉಗುಳುವ ದಾರಿ ಅದಕ್ಕಿಲ್ಲ, ನುಂಗುತ್ತಲೇ ಹೋಗಬೇಕು. ಒಂದು ತುದಿ ನಾಲಿಗೆ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ಕರುಳಿಗೆ ಇಳಿದಿದ್ದಾಗ ನಾವು ಎಳೆದರೆ ಕರುಳನ್ನೇ ಕೊಯ್ದುಹಾಕುತ್ತದೆ. ಹಿಂದಿನಿಂದ ಇಣುಕಿದರೂ ಅಷ್ಟೇ, ಮುಟ್ಟಬಾರದು.

ಬೆಕ್ಕು ಒಯ್ಯುವ ಬುಟ್ಟಿ ನಮ್ಮಲ್ಲಿರಲಿಲ್ಲ. ದಿಂಬಿನ ಕವರಿನಲ್ಲಿ ಪಮ್ಮಿಯನ್ನು ತುಂಬಿ, ತಲೆ ಮಾತ್ರ ಹೊರಗಿಟ್ಟು, ರೇಷ್ಮೆ ಸೀರೆ, ಕೈತುಂಬ ಬಳೆಯಲ್ಲಿ ನಾವು ಕ್ಲಿನಿಕ್ ಹೊಕ್ಕಾಗ ಕೌಂಟರಿನ ಹುಡುಗಿ ತಾಂಬೂಲಕ್ಕೆ ಕರೆಯಲು ಬಂದವರೆಂದುಕೊಂಡಳು. ಅತ್ತೆ ಆ ಅವಕಾಶವನ್ನೂ ಬಿಡಲಿಲ್ಲ. ಚೀಲದಲ್ಲಿದ್ದ ಅರಿಶಿನ ಕುಂಕುಮ ತೆಗೆದು ಅವಳಿಗೆ ಕೊಟ್ಟರು, ಪೊಮೆರೇನಿಯನ್ ಹಿಡಿದು ಕೂತಿದ್ದ ಹೆಂಗಸಿಗೂ ಕೊಟ್ಟರು. ಒಳಗೆ ಡಾಕ್ಟ್ರು ಅರಿವಳಿಕೆ ಕೊಟ್ಟು ಬಾಯಿ ಬಿಡಿಸಿದರು. ದಾರ ನಾಲಿಗೆಯ ಅಡಿಯಲ್ಲಿ ಕುಣಿಕೆ ಬಿದ್ದು ಗಂಟಲಲ್ಲೇ ನಿಂತಿತ್ತು, ಕೆಳಕ್ಕಿಳಿದಿರಲಿಲ್ಲ. ಕುಣಿಕೆ ಕತ್ತರಿಸಿ ಮೆಲ್ಲಗೆ ಬಿಡಿಸಿ ತೆಗೆದರೆ, ತುದಿಯ ಗಂಟಿನಲ್ಲಿ ಒಂದು ಮಲ್ಲಿಗೆ ಮೊಗ್ಗು ಹಾಗೇ ಇತ್ತು.

ಈಚೆಗೆ ಡಾಕ್ಟ್ರು ನಮಗೆ ಹೊಸದೇನೂ ಹೇಳುವುದಿಲ್ಲ, ಹಳೆಯದನ್ನೇ ಗಟ್ಟಿಯಾಗಿ ಹೇಳುತ್ತಾರೆ. ಉಣ್ಣಿಗೆ ಸೀಮೆಎಣ್ಣೆ ಹಚ್ಚಬೇಡಿ. ನಾಯಿಯ ಉಣ್ಣಿಗೆಂದು ಕೊಟ್ಟ ಹನಿಯನ್ನು ಬೆಕ್ಕಿಗೆ ಹಾಕಲೇಬೇಡಿ, ಕೆಲವದರಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಗೋಡೆಯ ಬಿರುಕುಗಳನ್ನೂ ನೋಡಿ, ಉಣ್ಣಿ ಮೊಟ್ಟೆ ಇಡುವುದು ಅಲ್ಲಿ. ರೇಬಿಸ್ ವಿಷಯದಲ್ಲಿ ಮಾತ್ರ ಅವರು ನಗುವುದಿಲ್ಲ. "ಮನೆ ಬಿಟ್ಟು ಹೋಗದ ನಾಯಿಗೆ ಇಂಜೆಕ್ಷನ್ ಯಾಕೆ?" ಎಂದು ಮಾವ ಒಮ್ಮೆ ಕೇಳಿ ನೋಡಿದರು. "ಹುಚ್ಚು ಹಿಡಿದ ನಾಯಿ ನಿಮ್ಮ ಗೇಟಿನ ಹತ್ರ ಬರೋಕೆ ನಿಮ್ಮ ಅಪ್ಪಣೆ ಕೇಳಲ್ಲ ಮೇಷ್ಟ್ರೇ. ಕಾಯಿಲೆಯ ಲಕ್ಷಣ ಕಾಣಿಸ್ತು ಅಂದ್ರೆ ಆಮೇಲೆ ಔಷಧಿ ಇಲ್ಲ" ಎಂದರು. ಮರಿಗೆ ಮೂರು ತಿಂಗಳಾದಾಗ ಮೊದಲನೇ ಇಂಜೆಕ್ಷನ್, ಆಮೇಲೆ ಅವರು ಬರೆದ ತಾರೀಖಿಗೆ ತಪ್ಪದೆ. ಯಾವುದಾದರೂ ನಾಯಿ ಕಚ್ಚಿದರೆ ಅರಿಶಿನ, ಸುಣ್ಣ, ಖಾರದಪುಡಿ ಹುಡುಕದೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಸೀದಾ ಆಸ್ಪತ್ರೆಗೆ ಹೋಗಬೇಕು. ಇದಿಷ್ಟನ್ನು ಮಗನ ಕೈಲಿ ಬಾಯಿಪಾಠ ಒಪ್ಪಿಸಿಕೊಂಡೇ ಅವರು ನಮ್ಮನ್ನು ಬಿಟ್ಟದ್ದು.

ದೀಪಾವಳಿಗೆ ಅವರ ಅಪ್ಪಣೆಗಳನ್ನು ಒಂದೂ ಬಿಡದೆ ಪಾಲಿಸಿದೆವು. ಕತ್ತಲಾಗುವ ಮುಂಚೆ ವಾಕಿಂಗ್, ಕಿಟಕಿಗಳು ಬಂದ್, ಟೀವಿ ಜೋರು, ಕೊರಳಪಟ್ಟಿಗೆ ಫೋನ್ ನಂಬರಿನ ಬಿಲ್ಲೆ. ಆದರೂ ಪಟಾಕಿಯ ಚಂದಾ ಕೇಳಲು ಬಂದ ಮಕ್ಕಳಿಗೆ ಬಾಗಿಲು ತೆರೆದ ಹೊತ್ತಿಗೇ ಬೀದಿಯಲ್ಲಿ ಯಾರೋ ಲಕ್ಷ್ಮಿ ಪಟಾಕಿ ಹಚ್ಚಿದರು. ಆ 41 ಕಿಲೋ ಹೇಗೆ ಓಡಿತೋ, ನಾವು ಚಪ್ಪಲಿ ಹುಡುಕುವಷ್ಟರಲ್ಲಿ ಮಾಯ.

ಅರ್ಧ ಗಂಟೆಯ ಮೇಲೆ ಫೋನ್ ಬಂತು. ಎರಡು ಬೀದಿ ಆಚೆಯ ಮನೆ. ನಾನೂ ಅತ್ತೆಯೂ ಓಡಿದೆವು. ಹಜಾರದ ನಡುವೆ, ಫ್ಯಾನಿನ ಕೆಳಗೆ ಬೋರಣ್ಣ ಕಾಲು ಚಾಚಿ ಮಲಗಿತ್ತು. ಮೂತಿಯ ತುಂಬ ಗಸಗಸೆ. ಆ ಮನೆಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವೇನಾ ಇದರ ಯಜಮಾನ್ರು? ಎಷ್ಟು ದಿನದ ಹಸಿವೋ ಏನೋ, ಒಂದು ತಟ್ಟೆ ಕಜ್ಜಾಯ ಹಾಗೇ ನುಂಗಿತು. ಮೂಕಪ್ರಾಣಿ, ಹೊಟ್ಟೆಗೆ ಹಾಕೋಕೆ ಆಗ್ದಿದ್ರೆ ಯಾಕಮ್ಮ ಸಾಕ್ತೀರ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದು ಅವರ ಕೈ ಹಿಡಿದುಕೊಂಡರು.

"ನಾನೂ ಇವರಿಗೆಲ್ಲ ಅದನ್ನೇ ಹೇಳ್ತಾ ಇದ್ದೀನಿ ಕಣ್ರೀ."