ಗಿಟಾರ್‌ಗೆ ತುಕ್ಕು, ನನಗೆ ಸಿಟ್ಟು

ಕೆರಿಬಿಯನ್‌ನಲ್ಲಿ ಹಾಯಿದೋಣಿಯೇ ಮನೆ, ಸಂಜೆ ದಡದ ಬಾರ್‌ನಲ್ಲಿ ಗಿಟಾರ್. ಕೇಳಿದವರೆಲ್ಲ 'ಪುಣ್ಯವಂತರು ಬಿಡಿ' ಅನ್ನುತ್ತಾರೆ. ಅವರೊಮ್ಮೆ ಬಂದು ನನ್ನ ಗಿಟಾರ್ ತಂತಿ ಮುಟ್ಟಿ ನೋಡಬೇಕು! ಹೊಸದಾಗಿ ಹಾಕಿ ವಾರ ಕಳೆಯುವಷ್ಟರಲ್ಲಿ ತುಕ್ಕು. ಬೆರಳ ತುದಿಯೆಲ್ಲ ಕಂದು.

ಮರದ ಗಿಟಾರ್‌ಗೆ ಗಾಳಿಯ ತೇವ 45ರಿಂದ 55 ಪರ್ಸೆಂಟ್ ಇದ್ದರೆ ಹಿತ. ಇಲ್ಲಿ ಗ್ರೆನಡಾದಲ್ಲಿ 75, 80 ಮಾಮೂಲು. ಮರ ನೀರು ಕುಡಿದು ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ಶ್ರುತಿ ನಿಲ್ಲುವುದಿಲ್ಲ. ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಇಟ್ಟರೆ ಎರಡೇ ದಿನಕ್ಕೆ ಅದೂ ಸುಸ್ತು. ಕಾರ್ಬನ್ ಫೈಬರ್ ಗಿಟಾರ್ ತಗೊಳ್ಳಿ ಅಂತ ಪುಕ್ಕಟೆ ಸಲಹೆ ಬೇರೆ. ಆ ದುಡ್ಡಿದ್ದರೆ ಮೊದಲು ಹರಿದ ಹಾಯಿ ಬದಲಿಸುತ್ತಿದ್ದೆ ಸ್ವಾಮಿ.

ಇನ್ನು ದಡ ಸೇರುವ ಸಂಭ್ರಮ. ಅಲೆ ಕಮ್ಮಿ ಅಂತ ಹೆಚ್ಚಿನವರು ಲಂಗರು ಹಾಕುವುದು ದ್ವೀಪದ ಪಶ್ಚಿಮಕ್ಕೆ. ವರ್ಷದ ಬಹುಪಾಲು ಗಾಳಿ ಬೀಸುವುದು ಪೂರ್ವದಿಂದ. ಅಂದರೆ ಸಂಗೀತ ಕಚೇರಿಗೆ ಹೊರಟಾಗಲೆಲ್ಲ ಎದುರುಗಾಳಿ, ಮುಖಕ್ಕೇ ಉಪ್ಪುನೀರು. ಗಿಟಾರನ್ನು ಕಸದ ಚೀಲದಲ್ಲಿ ಸುತ್ತಿ, ಕೂಸಿನ ಹಾಗೆ ತಬ್ಬಿಕೊಂಡು, ಗಾಳಿ ತುಂಬಿದ ಪುಟ್ಟ ಡಿಂಗಿ ದೋಣಿಯಲ್ಲಿ ಕೂರಬೇಕು. ನಾನು ಒದ್ದೆಯಾದರೂ ಪರವಾಗಿಲ್ಲ, ಆಂಪ್ಲಿಫೈಯರ್ ಒದ್ದೆಯಾಗಬಾರದು ಅಲ್ವಾ? ವಾಪಸ್ ಬರುವಾಗ ಗಾಳಿ ಬೆನ್ನಿಗೆ, ಆರಾಮ. ಆದರೆ ಆಗ ಸುರಿಯುವುದು ಮಳೆ.

ಇಷ್ಟೆಲ್ಲಾ ಮಾಡಿ ಮೂರು ಗಂಟೆ ಹಾಡಿದರೆ ಸಿಗುವುದೇನು? ಒಂದು ಪ್ಲೇಟ್ ಮೀನು, ಎರಡು ಬಿಯರ್, ಟೋಪಿಯಲ್ಲಿ ಚಿಲ್ಲರೆ. ಹೊಸ ತಂತಿಗೂ ಸಾಲದು.