ಎದೆಬಡಿತಕ್ಕೂ ಬಂತು ಗಂಜ್ ರೇಟು

ಕಲಬುರಗಿಯ ಕಾಳಿನ ಮಾರುಕಟ್ಟೆ ಗಂಜ್‌ನಲ್ಲಿ ತೊಗರಿ ರೇಟು ಹೊರಬೀಳಲು ಇನ್ನೂ ಹೊತ್ತಿರುತ್ತದೆ. ಅಷ್ಟರೊಳಗೆ, ನಸುಕಿನ ಐದೂವರೆಗೇ, ಸೈಕಲ್ ಬಳಗದ ವಾಟ್ಸಾಪಿನಲ್ಲಿ ಎದೆಯ ರೇಟು ಬಂದು ಕುಂತಿರುತ್ತದೆ. ‘ನಂದು 38’, ‘ನಂದು 71 ರೀ’, ‘ಯಪ್ಪಾ, ನಂದು 29ಕ್ಕ ಬಿತ್ತು!’ 71ಕ್ಕೆ ಚಪ್ಪಾಳೆ, 29ಕ್ಕೆ ಕೈಮುಗಿದ ಚಿತ್ರ. ತೀರಿಕೊಂಡವರ ಸುದ್ದಿಗೂ ಅದೇ ಚಿತ್ರ ಹಾಕುತ್ತಾರೆ.

ಈ ಅಂಕಿಗೆ ಎಚ್‌ಆರ್‌ವಿ (ಹಾರ್ಟ್ ರೇಟ್ ವೇರಿಯಬಿಲಿಟಿ, ಬಡಿತದ ಏರುಪೇರು) ಎನ್ನುತ್ತಾರೆ. ಎದೆ ನಿಮಿಷಕ್ಕೆ 60 ಸಲ ಬಡಿದರೂ ಎರಡು ಬಡಿತಗಳ ನಡುವೆ ಸರಿಯಾಗಿ ಒಂದು ಸೆಕೆಂಡ್ ಇರುವುದಿಲ್ಲ; ಒಮ್ಮೆ 970 ಮಿಲಿಸೆಕೆಂಡ್, ಒಮ್ಮೆ 1020. ಆ ಏರುಪೇರನ್ನು ಆರ್‌ಎಂಎಸ್‌ಎಸ್‌ಡಿ ಎಂಬ ಲೆಕ್ಕದಲ್ಲಿ ಹಿಂಡಿದರೆ 38, 71 ಬರುತ್ತವೆ. ದಣಿವು ಆರಿದ್ದರೆ ಸಾಮಾನ್ಯವಾಗಿ ಜಾಸ್ತಿ, ಆರದಿದ್ದರೆ ಕಮ್ಮಿ. ವಯಸ್ಸು, ಹುಟ್ಟುಗುಣ ಸೇರಿ ಒಬ್ಬೊಬ್ಬರದು ಒಂದೊಂದು. ಇನ್ನೊಬ್ಬರ 71 ನೋಡಿ ತನ್ನ 38ಕ್ಕೆ ಮರುಗುವುದೆಂದರೆ ಶೇಂಗಾ ರೇಟು ನೋಡಿ ತೊಗರಿಯವ ಅತ್ತಂತೆ.

ಇನ್ನು ಬಡಿತ ಹಿಡಿದು ಮೊಬೈಲಿನ ಆ್ಯಪಿಗೆ ಕಳಿಸಲು ಎದೆಗೆ ಕಟ್ಟುವ ಪಟ್ಟಿಯ ಕಥೆ. ಒಳಮೈಯ ಬಿಲ್ಲೆಗಳನ್ನು ನೀರಲ್ಲಿ ತೋಯಿಸಿ ಕಟ್ಟಬೇಕು. ಖರೀದಿ ಕೇಂದ್ರದಲ್ಲಿ ತೊಗರಿಯ ತೇವ ಶೇಕಡ 12 ದಾಟಿದರೆ ವಾಪಸ್; ಇಲ್ಲಿ ಉಲ್ಟಾ, ತೇವ ಇಲ್ಲದಿದ್ದರೆ ಮಾಲು ಕೆಟ್ಟಿತು. ಡಿಸೆಂಬರಿನ ಒಣಹವೆಯಲ್ಲಿ ಒಣಪಟ್ಟಿ ಒಂದು ಬಡಿತ ನುಂಗಿತೆನ್ನಿ. 1000, 1000 ಬರಬೇಕಾದಲ್ಲಿ 2000 ಎಂದು ಒಂದೇ ಗಂಟು ಕಟ್ಟುತ್ತದೆ. ಇಂಥ ತಪ್ಪನ್ನು ತಿದ್ದದ ಆ್ಯಪಾದರೆ ಎರಡು ನಿಮಿಷದ ಅಳತೆಯಲ್ಲಿ ಇಷ್ಟೇ ಸಾಕು, 38 ಇದ್ದದ್ದು 130 ದಾಟುತ್ತದೆ. ‘ಒಲಿಂಪಿಕ್ ಎದಿ ಅದರೀ ನಿಮ್ದು!’ ಎಂದು ಅಭಿನಂದನೆಗಳ ಮಳೆ. ಆ ಒಲಿಂಪಿಕ್ ಎದೆ ಅವತ್ತೇ ಸೇಡಂ ರಸ್ತೆ ಹಿಡಿದು, ಸಿಮೆಂಟ್ ಲಾರಿಗಳ ಧೂಳು ಕುಡಿಯುತ್ತ ಮಳಖೇಡದತನಕ ತುಳಿದು, ಸೈಕಲ್ ಸಮೇತ ಟಂಟಂ ಹತ್ತಿ ವಾಪಸ್ ಬರುತ್ತದೆ.

ಸರಿಯಾಗಿ ಅಳೆಯುವುದು ಬೇಸರದ ಕೆಲಸ. ಎದ್ದು, ಮೂತ್ರಕ್ಕೆ ಹೋಗಿ ಬಂದು, ಚಾ ಕುಡಿಯುವ ಮೊದಲು, ದಿನಾ ಒಂದೇ ಭಂಗಿಯಲ್ಲಿ (ಬಡಿತ ತೀರಾ ಕೆಳಗಿರುವ ಪಳಗಿದವರು ಕುಂತು ಅಳೆಯುವುದೇ ಮೇಲು) ಒಂದು ನಿಮಿಷ ಸುಮ್ಮನಿದ್ದು ಆಮೇಲೆ ಎರಡು ನಿಮಿಷ ಅಳತೆ. ಉಸಿರು ಅದರ ಪಾಡಿಗೆ ಅದು. ನಿಮಿಷಕ್ಕೆ ಆರೇ ಸಲ ನಿಧಾನ ಉಸಿರಾಡಿದರೆ ಅಂಕಿ ಉಬ್ಬುತ್ತದೆಂದು ಕಂಡುಕೊಂಡ ಜಾಣರೂ ಇದ್ದಾರೆ. ಚೀಲ ತೂಗುವಾಗ ಒಳಗೆ ಹರಳು ಸೇರಿಸುವ ವಿದ್ಯೆಯೇ ಇದು, ಆದರೆ ಇಲ್ಲಿ ಕೊಳ್ಳುವವನೂ ತಾನೇ.

ನೋಡಬೇಕಾದದ್ದು ಏಳು ದಿನದ ಸರಾಸರಿ, ಅದು ತನ್ನ ಮಾಮೂಲಿ ಮಟ್ಟದಿಂದ ಜಾರಿತೋ ಇಲ್ಲವೋ ಎಂಬುದು. ರಾತ್ರಿ ಹನ್ನೊಂದಕ್ಕೆ ಮಟನ್ ಹೊಡೆದರೂ, ಎರಡು ಪೆಗ್ ಹಾಕಿದರೂ, ಮೇ ತಿಂಗಳಲ್ಲಿ ಕರೆಂಟ್ ಹೋಗಿ ಬೆವರಲ್ಲಿ ಹೊರಳಿದರೂ ಮರುದಿನದ ಅಂಕಿ ಬೀಳಬಹುದು. ಗ್ರೂಪಿನಲ್ಲಿ ಮಾತ್ರ ಎಲ್ಲದಕ್ಕೂ ಒಂದೇ ಷರಾ, ‘ಓವರ್‌ಟ್ರೇನಿಂಗ್’. ವಾರಕ್ಕೆ 20 ಕಿ.ಮೀ. ತುಳಿದವನಿಗೂ ಅದೇ. ನಿಜಕ್ಕೂ ವಾರಗಟ್ಟಲೆ ಮಿತಿಮೀರಿ ತುಳಿದ ಕೆಲವರಲ್ಲಿ ಅಂಕಿ ಏರುವುದೂ ಉಂಟು: ಆ್ಯಪಿನಲ್ಲಿ ‘ಎಲ್ಲ ಸರಿ’ ಎನ್ನುವ ಹಸಿರು, ದಿಬ್ಬದಲ್ಲಿ ಬಡಿತ ಮೇಲೇಳುವುದೇ ಇಲ್ಲ. ಅವರಿಗೂ ಚಪ್ಪಾಳೆ ಬೀಳುತ್ತದೆ.

‘ಕಾಕಾ, ಇವತ್ತ 41 ಬಂದದ. ಹೋಗ್ಲೋ ಬ್ಯಾಡೋ?’
‘ಕಾಲು ಏನಂತಾವೋ ತಮ್ಮಾ?’
‘ಕಾಲು ಗ್ರೂಪಿನಾಗ ಇಲ್ಲಲ್ರೀ ಕಾಕಾ.’